ಬಡಗಲು ಯಾವ ಕಡೆ

ಕೈಲಾಂಚದ ಕಡೆಯ ಒಂದು ಪುಟ್ಟ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ದಿಕ್ಕು ಕಲಿಸುತ್ತಿದ್ದವರು ಅನಂತರಾಜು ಮೇಷ್ಟ್ರು. ಪುಸ್ತಕದ ಉತ್ತರ, ದಕ್ಷಿಣ ಕೇಳಿದರೆ ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತಿದ್ದವು. ಮೇಷ್ಟ್ರು ಬಡಗಲು, ತೆಂಕಲು ಎನ್ನುತ್ತಿದ್ದರು. “ಬಡಗ್ಲಿಗೆ ತಲೆ ಹಾಕಿ ಮಲಗಬ್ಯಾಡಿ ಅಂತ ನಿಮ್ಮಜ್ಜಿ ಬೈತಾರಲ್ಲ, ಅದೇ ಕಣ್ರೋ ಉತ್ತರ!” ಎಂದರೆ ಸಾಕು, ಒಂದೇ ಏಟಿಗೆ ತಲೆಗೆ ಹೋಗುತ್ತಿತ್ತು. ಈ ಉಪಾಯದ ಬಗ್ಗೆ ಅವರಿಗೆ ಒಳಗೊಳಗೇ ಜಂಬವೂ ಇತ್ತು.

ಈ ವರ್ಷ ಹೊಸ ಕೊಠಡಿ. ಭೂಪಟ ನೇತುಹಾಕಲು ಮೇಷ್ಟ್ರು ಮೊಳೆ ಹೊಡೆದದ್ದು ತೆಂಕಲ ಗೋಡೆಗೆ. “ಮೇಲಿರೋದು ಬಡಗ್ಲು” ಎಂದು ಪಟಕ್ಕೆ ಕೋಲಿಟ್ಟು ತೋರಿಸಿದರು. ನಾಲ್ಕನೇ ಕ್ಲಾಸಿನ ರಮ್ಯಾ ಆ ಗೋಡೆ ಇರುವ ಕಡೆಯೇ ಬಡಗಲು ಎಂದುಕೊಂಡಳು. ಪಾಪ, ಅವಳ ತಪ್ಪೇನು?

ಅವಳ ಅವ್ವ ಕಾಮಾಲೆಯಿಂದ ಹಾಸಿಗೆ ಹಿಡಿದು ತಿಂಗಳಾಗಿತ್ತು. ಮನೆಗೆ ಹೋದವಳೇ ರಮ್ಯಾ ನೋಡುತ್ತಾಳೆ, ಅವಳ ಲೆಕ್ಕದಲ್ಲಿ ಅವ್ವನ ತಲೆ ಬಡಗಲಿಗಿದೆ! ಅದಕ್ಕೇ ವಾಸಿಯಾಗುತ್ತಿಲ್ಲ ಎಂದು ಹಟ ಹಿಡಿದು ದಿಂಬನ್ನು ಇನ್ನೊಂದು ತುದಿಗೆ ಹಾಕಿಸಿದಳು. ಅವ್ವ ನಕ್ಕು ತಿರುಗಿ ಮಲಗಿದಳು. ಮೂರನೇ ದಿನ ತೀರಿಹೋದಳು.

ಹೆಣವನ್ನು ನೆಲಕ್ಕಿಳಿಸುವಾಗ ಸೋದರಮಾವ “ತೆಂಕ್ಲಿಗೆ ತಲೆ ಮಾಡ್ರಪ್ಪಾ” ಎಂದ. ಜನ ತಲೆಯನ್ನು ಅವ್ವ ಮೊದಲು ಮಲಗುತ್ತಿದ್ದ ಕಡೆಗೇ ತಿರುಗಿಸಿದರು. ತಾನು ದಿಂಬು ಹಾಕಿಸಿದ್ದೇ ಬಡಗಲಿಗೆ ಎಂದು ರಮ್ಯಾಗೆ ಆಗ ಹೊಳೆಯಿತು. ಅಂದಿನಿಂದ ಅವಳು ಶಾಲೆಗೆ ಬರಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ.

ಎಂಟನೇ ದಿನ ಬೆಳಿಗ್ಗೆ ಮೇಷ್ಟ್ರು ಅವಳ ಮನೆಗೆ ಹೋದರು. ಹೊಸ್ತಿಲ ಮೇಲೆ ಕೂತಿದ್ದ ಹುಡುಗಿ ಎಲ್ಲವನ್ನೂ ಹೇಳಿಬಿಟ್ಟಳು. ಮೇಷ್ಟ್ರು ಅವಳ ಪಕ್ಕದಲ್ಲೇ ಕೂತರು.

“ದಿಕ್ಕಿನಿಂದ ಯಾರೂ ಸಾಯಲ್ಲ ಕಣವ್ವ. ಕಾಯಿಲೆ ಜಾಸ್ತಿ ಆಗಿತ್ತು.”

“ಮತ್ತೆ ಬಡಗ್ಲಿಗೆ ಮಲಗಬಾರ್ದು ಅಂತ ನೀವೇ ಹೇಳಿದ್ರಲ್ಲ ಸಾ?”

ಮೇಷ್ಟ್ರು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದರು. ತೆಂಕಲಿಗೆ ಕೈ ತೋರಿಸಿ, “ಬಡಗ್ಲು ಇದೇ. ನೀನು ಮಾಡಿದ್ದೇ ಸರಿ. ನಿಮ್ಮ ಮಾವಂಗೆ ಗೊತ್ತಾಗ್ನಿಲ್ಲ” ಎಂದರು.

ರಮ್ಯಾ ಎದ್ದು ಅಂಗಳಕ್ಕಿಳಿದಳು. ಎಳೆಬಿಸಿಲಿಗೆ ಮುಖ ಮಾಡಿ ಎರಡೂ ಕೈ ಚಾಚಿ ನಿಂತಳು.

“ಹೊತ್ತು ಹುಟ್ಟೋ ಕಡೆಗೆ ನಿಂತ್ಕಂಡ್ರೆ ಎಡಗೈ ಕಡೆ ಉತ್ತರ ಅಂತ ಪುಸ್ತಕದಲ್ಲಿ ಐತೆ ಸಾ. ನೆನ್ನೆ ಓದ್ದೆ.”

ಮೇಷ್ಟ್ರು ಹತ್ತಿರ ಹೋಗಿ ಆ ಕೈಗಳನ್ನು ಮೆಲ್ಲಗೆ ಇಳಿಸಿದರು. ಹುಡುಗಿ ಅವರ ಮುಖ ನೋಡಿದಳು.

“ಮೊದ್ಲೇ ಓದಿದ್ರೆ ನಮ್ಮವ್ವ ಉಳ್ಕತಿದ್ಲು, ಅಲ್ವಾ ಸಾ?”