ಜಡ್ಜಮ್ಮನಿಗೆ ಶಾಲು ಹೊದಿಸಿ ಕೂರಿಸಿದರು

ಶನಿವಾರ ಬೆಳಿಗ್ಗೆ ಎಂಟಕ್ಕೆ ಶಿಕಾಗೋದ ಒಂದು ಹೋಟೆಲ್ ಮುಂದೆ ವ್ಯಾನ್ ನಿಲ್ಲಿಸಿ ಕಾಯುತ್ತಿದ್ದೆ. ಮೂವತ್ನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ಮಳೆಯೂ ಅಲ್ಲದ, ಹಿಮವೂ ಅಲ್ಲದ ರಾಡಿ ಸುರಿಯುತ್ತಿತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಅದೂ ಪಾಸಾಗಲಿಲ್ಲ. ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ನನ್ನ ಭಾವನ ಟ್ರಾವೆಲ್ಸ್‌ಗೆ ಗಾಡಿ ಓಡಿಸುತ್ತೇನೆ. ಹಾಗಾಗಿ ಇದರಲ್ಲಿ ಸೂರ್ಯೋದಯದ ವರ್ಣನೆ ಇರುವುದಿಲ್ಲ. ಆವತ್ತು ಸೂರ್ಯ ಬರಲೂ ಇಲ್ಲ.

ಬಾಡಿಗೆ ಡೆಟ್ರಾಯಿಟ್ ಕಡೆಯ ಕನ್ನಡ ಸಂಘದ್ದು. ರಾಚೆಸ್ಟರ್ ಹಿಲ್ಸ್‌ನಲ್ಲಿ ಅವರ ಸಂವಿಧಾನ ದಿನದ ಕಾರ್ಯಕ್ರಮ. ಅದಕ್ಕೆ ಜರ್ಮನಿಯ ಸಂವಿಧಾನ ಕೋರ್ಟಿನಲ್ಲಿ ಜಡ್ಜಾಗಿದ್ದ ಹೆಂಗಸೊಬ್ಬರು ಮುಖ್ಯ ಅತಿಥಿ. ಶಿಕಾಗೋದಲ್ಲಿ ಯಾವುದೋ ಕಾನೂನು ಸಮ್ಮೇಳನಕ್ಕೆ ಬಂದಿದ್ದರು. ಸಂಘದ ಅಧ್ಯಕ್ಷರು ಶ್ರೀಧರ ಅಂಕಲ್. ಅವರ ಮಗ ಆನ್ ಆರ್ಬರ್‌ನಲ್ಲಿ ಲಾ ಓದುವಾಗ, ಅಲ್ಲಿಗೆ ಪಾಠ ಮಾಡಲು ಬಂದಿದ್ದ ಇವರ ಪಾಠ ಕೇಳಿದ್ದನಂತೆ, ಆ ಗುರುತಿನಲ್ಲಿ ಕರೆದಿದ್ದರು.

ಹೊರಗೆ ಬಂದವರು ಎಪ್ಪತ್ತು ದಾಟಿದ, ಬಿಳಿ ಕೂದಲಿನ, ಸಣ್ಣ ಆಳು. ಹಿಂದಿನ ಸೀಟಿನ ಬಾಗಿಲು ತೆಗೆದೆ. ಅವರು ಮುಂದೆ ಬಂದು ಕೂತರು. ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ, ಜಡ್ಜಮ್ಮ ಅಂದುಕೊಂಡೆ. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ನನ್ನದು ಮುರುಕು ಇಂಗ್ಲಿಷು, ಅವರದು ನಿಧಾನದ್ದು. ಸರಿಹೋಯಿತು.

ಶಿಕಾಗೋ ದಾಟಿಸುವ ಸ್ಕೈವೇ ಅನ್ನೋ ಮೇಲ್ರಸ್ತೆಯ ಟೋಲ್ ಎಂಟು ಡಾಲರಿಗೆ ಹತ್ತಿರ. ಸೇತುವೆ ರಿಪೇರಿ ಮಾತ್ರ ಮುಗಿಯುವುದಿಲ್ಲ. ಇಂಡಿಯಾನಾಕ್ಕೆ ಬರುವಷ್ಟರಲ್ಲಿ ಲಾರಿಗಳು ಗಾಜಿಗೆ ಕೆಸರು ಎರಚಿ ಎರಚಿ ವೈಪರ್ ಸೋತಿತ್ತು. ಜಡ್ಜಮ್ಮ ಬ್ಯಾಗಿನಿಂದ ಹಾಳೆ ತೆಗೆದು ಏನೋ ಹೊಡೆದುಹಾಕುತ್ತಿದ್ದರು.

“ಅರ್ಧ ಗಂಟೆ ಕೊಟ್ಟಿದ್ದಾರೆ. ಜೀವನವೆಲ್ಲ ಕಾನೂನಿನವರ ಮುಂದೆಯೇ ಮಾತಾಡಿದ್ದೀನಿ. ಕಾನೂನು ಓದದ ಜನ ನನ್ನನ್ನು ಕರೆದಿರುವುದು ಇದೇ ಮೊದಲು. ನಿಮಗೆ ಓದಿ ಹೇಳಲಾ? ಅರ್ಥವಾಗದ ಕಡೆ ನಿಲ್ಲಿಸಿ,” ಅಂದರು.

“ಬಹಳ ಕಡೆ ನಿಲ್ಲಿಸಬೇಕಾಗುತ್ತೆ,” ಅಂದೆ.

“ಅದಕ್ಕೇ ಕೇಳಿದ್ದು.”

ಮಿಷಿಗನ್ ಗಡಿ ದಾಟುವವರೆಗೂ ಅವರ ಓದು ನಿಲ್ಲಿಸಿ ನಿಲ್ಲಿಸಿ ಕೇಳಿದೆ. ಅವರಪ್ಪ ಬೇಕರಿಯವರು. ಮಗಳು ಕಾನೂನು ಓದಿದಳು. ಡಾಕ್ಟರೇಟ್ ಸಾಲದು ಅಂತ ಅಲ್ಲಿ ಅದಕ್ಕಿಂತ ದೊಡ್ಡದೊಂದು ಗ್ರಂಥ ಬರೆಯಬೇಕಂತೆ, ಆಮೇಲೇ ಪ್ರೊಫೆಸರ್. ಅದನ್ನೂ ಬರೆದರು. ಆಮೇಲೆ ಕೋರ್ಟಿಗೆ ಆರಿಸಿದರು. ಹನ್ನೆರಡು ವರ್ಷ, ಮತ್ತೆ ಎರಡನೇ ಸಲ ಇಲ್ಲ.

“ಯಾಕೆ ಇಲ್ಲ?” ಅಂತ ಕೇಳಿದೆ.

“ಇನ್ನೊಂದು ಸಲ ಬೇಕು ಅಂತಾದರೆ ಆರಿಸುವವರನ್ನು ಖುಷಿಪಡಿಸಬೇಕಲ್ಲ. ಇನ್ನೊಂದು ಸಲ ಇಲ್ಲವೇ ಇಲ್ಲ ಅಂತಾದಮೇಲೆ ಯಾರಿಗೂ ಹೆದರಬೇಕಿಲ್ಲ.”

ಈ ನಿಯಮ ಮಾಡಿದವನಿಗೆ ತಲೆ ಇತ್ತು ಅಂದೆ. ಅವರು ನಕ್ಕು, ಅದನ್ನು ಹಾಗೇ ಬರೆದುಕೊಂಡರು. ಜಡ್ಜಾಗಿದ್ದಾಗಲೂ ರೈಲು ಹತ್ತಿ ಹೋಗಿ ಪಾಠ ಮಾಡುತ್ತಿದ್ದರಂತೆ. ಬೇರೆ ಯಾವ ಕೆಲಸವನ್ನೂ ಮಾಡುವ ಹಾಗಿಲ್ಲ, ಮೇಷ್ಟ್ರ ಕೆಲಸವೊಂದಕ್ಕೆ ಒಪ್ಪಿಗೆ.

ಕಲಮಜೂ ಅನ್ನೋ ಊರು ದಾಟಿ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಅಕ್ಕ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಹಂಚಿಕೊಂಡೆವು. ಜಡ್ಜಮ್ಮ ಕಡಲೆಬೀಜ ಆರಿಸಿ ಆರಿಸಿ ತಿಂದರು. ಆಗ ಕೊನೆಯ ಹಾಳೆಯ ವಿಷಯ ತೆಗೆದರು. ಒಬ್ಬ ಕೈದಿ ತನ್ನ ತಾಯಿಯ ಅಂತ್ಯಕ್ರಿಯೆಗೆ ಹೋಗಬೇಕಾಗಿತ್ತು. ಕೈಗೆ ಬೇಡಿ ಹಾಕಿಯೇ ಕಳಿಸುತ್ತೇವೆ ಅಂದಿತು ಜೈಲು. ಅವನ ದೂರು ಕೋರ್ಟಿಗೆ ಬಂತು. ಕೂತಿದ್ದ ಎಂಟು ಜನ ಜಡ್ಜುಗಳಲ್ಲಿ ಏಳು ಜನ ಜೈಲಿನ ಕಡೆ.

“ನೀವು?”

“ನಾನೊಬ್ಬಳೇ ಬೇರೆ ತೀರ್ಪು ಬರೆದೆ. ಯಾಕೆ ಅನ್ನೋದನ್ನ ಅಲ್ಲೇ ಕೇಳಿ. ಒಳಗೆ ಬಂದು ಕೂರಬೇಕು, ವ್ಯಾನಲ್ಲಿ ಮಲಗಬಾರದು.”

ಸಾಮಾನ್ಯವಾಗಿ ಮಲಗುತ್ತೇನೆ. ಆವತ್ತು ಒಳಗೆ ಹೋಗಬೇಕು ಅನ್ನಿಸಿತು.

ಇನ್ನೂರ ತೊಂಬತ್ತು ಮೈಲಿ ಓಡಿಸಿ, ಶಿಕಾಗೋಗಿಂತ ಮುಂದೆ ಓಡುವ ಮಿಷಿಗನ್ ಗಡಿಯಾರ ಒಂದು ಗಂಟೆ ತಿಂದುಹಾಕಿದ ಮೇಲೆ, ಮೂರಕ್ಕೆ ಹಾಲ್ ಮುಟ್ಟಿದೆವು. ಕಾರ್ಯಕ್ರಮ ನಾಲ್ಕಕ್ಕೆ. ಶ್ರೀಧರ ಅಂಕಲ್ ಜುಬ್ಬಾ ಹಾಕಿಕೊಂಡು ಓಡಿಬಂದು ಜಡ್ಜಮ್ಮನಿಗೆ ಕೈಮುಗಿದರು. ನನ್ನ ಕಡೆ ತಿರುಗಿ, “ಬಂದ್ಯಾಪ್ಪ, ಒಳ್ಳೇದಾಯ್ತು. ಹಿಂದ್ಗಡೆ ಹೋಗಿ ಸ್ವಲ್ಪ ಚೇರ್ ಹಾಕು,” ಅಂದರು. ಹಾಕಿದೆ.

ನಾಲ್ಕರ ಕಾರ್ಯಕ್ರಮ ಐದಕ್ಕೆ ಶುರುವಾಯಿತು. ದೀಪ, ಪ್ರಾರ್ಥನೆ, ನಾಡಗೀತೆ, ಸರಿ. ಆಮೇಲೆ ಕಾರ್ಯದರ್ಶಿಯ ವರದಿ. ಪ್ರಾಯೋಜಕರು ಅಂತ ಮನೆ ಮಾರುವವರೊಬ್ಬರು ಮಾತಾಡಿದರು, ಇನ್ಶೂರೆನ್ಸ್‌ನವರೊಬ್ಬರು ಮಾತಾಡಿದರು. ಮಕ್ಕಳು ದೇಶದ ನಾಯಕರ ವೇಷ ಹಾಕಿ ಬಂದರು, ಅಪ್ಪ ಅಮ್ಮಂದಿರು ಮುಂದೆ ನುಗ್ಗಿ ಫೋನ್ ಹಿಡಿದರು. ಜಡ್ಜಮ್ಮ ವೇದಿಕೆಯ ಮೇಲೆ ಹಾಳೆ ಹಿಡಿದು ನೆಟ್ಟಗೆ ಕೂತಿದ್ದರು.

ಆಮೇಲೆ ಅತಿಥಿ ಪರಿಚಯ. ಶ್ರೀಧರ ಅಂಕಲ್ ಇಂಟರ್‌ನೆಟ್‌ನಿಂದ ಇಳಿಸಿದ್ದನ್ನೆಲ್ಲ ಓದಿದರು. ಎಲ್ಲಿ ಓದಿದರು, ಎಲ್ಲಿ ಕಲಿಸಿದರು, ಯಾವ ಪುಸ್ತಕ ಬರೆದರು, ಯಾವ ಕಮಿಟಿಯಲ್ಲಿದ್ದರು. ಬೇಕರಿ ಇಲ್ಲ, ರೈಲು ಇಲ್ಲ, ಕೈದಿ ಇಲ್ಲ. ಮನುಷ್ಯರೇ ಪಕ್ಕದಲ್ಲಿ ಬದುಕಿ ಕೂತಿರುವಾಗ ಅವರ ಬಯೋಡೇಟಾವನ್ನು ಯಾಕೆ ಓದಬೇಕು?

ಆಮೇಲೆ ಸನ್ಮಾನ. ಮೈಸೂರು ಪೇಟ ತಲೆಗೆ ದೊಡ್ಡದಾಗಿ ಕಣ್ಣಿನ ಮೇಲೆ ಜಾರಿತು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಫಲಕ. ಕಮಿಟಿಯವರ ಜೊತೆ ಫೋಟೋ, ಹಳೇ ಅಧ್ಯಕ್ಷರ ಜೊತೆ ಫೋಟೋ, ಪ್ರಾಯೋಜಕರ ಸಂಸಾರದ ಜೊತೆ ಫೋಟೋ. ಬುಟ್ಟಿ ಭಾರಕ್ಕೆ ಅವರು ಒಂದು ಕಡೆಗೆ ವಾಲುತ್ತಿದ್ದುದು ಹಿಂದಿನ ಸಾಲಿನಲ್ಲಿದ್ದ ನನಗೆ ಕಾಣುತ್ತಿತ್ತು. ಮುಂದಿದ್ದವರಿಗೆ ಕಾಣಲಿಲ್ಲ.

ಎಲ್ಲ ಮುಗಿದ ಮೇಲೆ ಶ್ರೀಧರ ಅಂಕಲ್ ಮೈಕಲ್ಲಿ, “ಟೈಮ್ ಸ್ವಲ್ಪ ಕಮ್ಮಿ ಇದೆ. ಮೇಡಂ ಎರಡು ಮಾತು ಆಡಬೇಕು ಅಂತ ವಿನಂತಿ,” ಅಂದರು.

ಎರಡು ಮಾತಂತೆ! ಮುನ್ನೂರು ಮೈಲಿ ಆ ರಾಡಿಯಲ್ಲಿ ಕರೆಸಿ ಎರಡು ಮಾತು.

ಜಡ್ಜಮ್ಮ ಎದ್ದು, “ನನ್ನ ತಂದೆ ಬೇಕರಿ ನಡೆಸುತ್ತಿದ್ದರು,” ಅಂತ ಶುರುಮಾಡಿದರು. ಅಷ್ಟರಲ್ಲಿ ಹಿಂದೆ ಬಿಸಿಬೇಳೆಬಾತಿನ ಮುಚ್ಚಳ ತೆಗೆದರು. ವಾಸನೆ ಬಂತು. ಒಬ್ಬರು ಎದ್ದರು, ಒಂದು ಸಾಲೇ ಎದ್ದಿತು. ಅವರು ಇನ್ನೊಂದೆರಡು ವಾಕ್ಯ ಹೇಳಿ ನೋಡಿದರು. ಆಮೇಲೆ ಹಾಳೆ ಮಡಚಿ, “ಊಟ ಆರಬಾರದು. ಧನ್ಯವಾದ,” ಅಂದು ಕೂತರು. ಚಪ್ಪಾಳೆ ಜೋರಾಗಿಯೇ ಬಿತ್ತು. ಸಭೆ ತುಂಬ ಕಾನೂನು ಓದದ ಜನ ಇದ್ದರು. ಅವರಿಗೆ ಕೇಳುವ ಮನಸ್ಸು ಮಾತ್ರ ಇರಲಿಲ್ಲ.

ಸಂಘದ ಊಟದಲ್ಲಿ ಮಕ್ಕಳಿಗೆ ಬೇರೆ ಮೇಜು, ಪಿಜ್ಜಾ. ಜಡ್ಜಮ್ಮ ತಟ್ಟೆ ಹಿಡಿದುಕೊಂಡು ನೇರ ಆ ಮೇಜಿಗೆ ಹೋಗಿ ಕೂತರು. ಪೇಟ ಇನ್ನೂ ತಲೆಯ ಮೇಲೇ ಇತ್ತು. ಒನಕೆ ಓಬವ್ವನ ವೇಷದ ಹುಡುಗಿಯೊಬ್ಬಳು, “ವೈ ಆರ್ ಯೂ ವೇರಿಂಗ್ ದಟ್?” ಅಂತ ಕೇಳಿದಳು.

“ಕೋರ್ಟಿನಲ್ಲೂ ಕೆಂಪು ಟೋಪಿ ಇತ್ತು. ಇದಕ್ಕಿಂತ ಚಿಕ್ಕದು,” ಅಂದು ಅವರು ಕೈದಿಯ ಕಥೆ ಎತ್ತಿಕೊಂಡರು. ಹಾಳೆ ತೆಗೆಯಲಿಲ್ಲ. ನಾನು ಹೋಗಿ ಪಕ್ಕದಲ್ಲಿ ನಿಂತೆ.

“ನಮ್ಮಲ್ಲಿ ಹೂಳುವಾಗ ಮನೆಯವರು ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಎರಡೂ ಕೈ ಸೇರಿಸಿ ಬಿಗಿದಿದ್ದರೆ ಹೇಗೆ ಹಾಕುತ್ತಾನೆ?” ಅಂತ ಕೇಳಿದರು. ಹುಡುಗಿ ತನ್ನ ಮಣಿಕಟ್ಟು ಜೋಡಿಸಿ ನೋಡಿದಳು. “ಅವನು ಓಡಿಹೋಗಬಹುದು ಅಂದರು ಏಳು ಜನ. ಸುತ್ತ ಇನ್ನೂ ನಾಲ್ಕು ಪೊಲೀಸರನ್ನು ನಿಲ್ಲಿಸಿ, ಬೇಡಿ ಬಿಚ್ಚಬೇಕು ಅಂತ ನಾನು ಬರೆದೆ.”

“ಡಿಡ್ ಹೀ ಗೆಟ್ ಟು ಡೂ ಇಟ್?”

“ಇಲ್ಲ. ಕೇಸು ನಮ್ಮ ಹತ್ತಿರ ಬರುವಷ್ಟರಲ್ಲಿ ಅವನ ತಾಯಿಯನ್ನು ಹೂಳಿ ಎಷ್ಟೋ ಕಾಲವಾಗಿತ್ತು.”

“ಮತ್ತೆ ಯಾಕೆ ಬರೆದಿರಿ?” ಅಂತ ನಾನೇ ಕೇಳಿಬಿಟ್ಟೆ.

“ಅವನು ಓದಲಿ ಅಂತ. ಎಂಟರಲ್ಲಿ ಒಬ್ಬರಾದರೂ ತನ್ನ ಮಾತು ಕೇಳಿಸಿಕೊಂಡರು ಅಂತ ಅವನಿಗೆ ಗೊತ್ತಾಗಲಿ ಅಂತ.”

ಅಷ್ಟರಲ್ಲಿ ಶ್ರೀಧರ ಅಂಕಲ್ ಫೋಟೋದವನನ್ನು ಎಳೆದುಕೊಂಡು ಬಂದರು. “ಮೇಡಂ, ಪ್ಲೀಸ್, ಒಂದೇ ಒಂದು ಗ್ರೂಪ್ ಫೋಟೋ. ಲೇಡೀಸ್ ವಿಂಗ್‌ದು ಬಿಟ್ಟೋಗಿದೆ.”

“ಸ್ವಲ್ಪ ಇರಿ ಅಂಕಲ್. ಅವ್ರು ಮಾತಾಡ್ತಿದಾರೆ,” ಅಂದೆ.

“ನೀನ್ಯಾರಪ್ಪ ಹೇಳೋಕೆ? ನಿನ್ ಕೆಲ್ಸ ಗಾಡಿ ಓಡ್ಸೋದು.”

“ಓಡ್ಸಿ ಆಯ್ತು. ಕರ್ಕೊಂಡ್ ಬಂದೆ. ನೀವೇ ಮಾತಾಡಕ್ ಬಿಡ್ಲಿಲ್ಲ.”

ಹುಬ್ಬಳ್ಳಿ ಕಡೆಯ ಡಾಕ್ಟರ್ ಆಂಟಿಯೊಬ್ಬರು ತಟ್ಟೆ ಹಿಡಿದು ಅಲ್ಲೇ ನಿಂತು ಕೇಳುತ್ತಿದ್ದರು. “ಶ್ರೀಧರ ಅವರ, ಹುಡುಗ ಖರೇ ಹೇಳ್ಯಾನ. ನಿಮ್ಮ ಫೋಟೋ ಎಲ್ಲಿ ಓಡಿ ಹೋಗ್ತದ? ನೀವೂ ಕೂಡ್ರಿ ಇಲ್ಲೇ,” ಅಂದರು. ಅಂಕಲ್ ಕೂರಲಿಲ್ಲ. ಹಾಲ್ ಖಾಲಿ ಮಾಡಬೇಕು ಅಂತ ಗೊಣಗುತ್ತಾ ಹೋದರು. ಸುತ್ತ ಕುರ್ಚಿ ಮಡಚುವ ಸದ್ದಿನಲ್ಲೇ ಜಡ್ಜಮ್ಮ ಮಾತು ಮುಗಿಸಿದರು. ಕೇಳಿದವರು ಐದಾರು ಮಕ್ಕಳು, ಆಂಟಿ, ನಾನು.

ಡೆಟ್ರಾಯಿಟ್ ಏರ್‌ಪೋರ್ಟ್ ಪಕ್ಕದ ಹೋಟೆಲಿಗೆ ಅವರನ್ನು ಬಿಟ್ಟೆ. ಸಂಘದ ಪರವಾಗಿ ಸಾರಿ ಕೇಳೋಣ ಅಂದುಕೊಂಡೆ. ಅದು ನನ್ನ ಕೆಲಸವಲ್ಲ ಅಂತ ಕೇಳಲಿಲ್ಲ. ಹಣ್ಣಿನ ಬುಟ್ಟಿ ವಿಮಾನದಲ್ಲಿ ಒಯ್ಯಲಾರೆ ಅಂದು ನನಗೇ ಕೊಟ್ಟು ಕೈ ಕುಲುಕಿದರು.

ಭಾನುವಾರ ವಾಪಸ್ ಹೊರಟೆ. ಕಲಮಜೂ ಹತ್ತಿರ ಪೆಟ್ರೋಲ್ ಹಾಕಿಸುವಾಗ ಫೋನ್ ನೋಡಿದೆ. ಗಾಡಿ ವಿಷಯಕ್ಕೆ ಅಂತ ಭಾವನನ್ನೂ ನನ್ನನ್ನೂ ಸಂಘದ ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದರು. ನಲವತ್ತು ಫೋಟೋ, ಕೆಳಗೆ ಶ್ರೀಧರ ಅಂಕಲ್ ಬರಹ: ‘ಅವರ ಮೌಲ್ಯಯುತ ಮಾತುಗಳಿಂದ ಸಭಿಕರೆಲ್ಲ ಪ್ರೇರಿತರಾದರು.’ ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು.

‘ಯಾವ ಮಾತು? ಒಂದು ಹೇಳಿ,’ ಅಂತ ಬರೆದೆ.

ಟ್ಯಾಂಕ್ ತುಂಬುವ ಮೊದಲೇ ಭಾವನ ಫೋನ್ ಬಂತು. “ಏನೋ ಬರ್ದಿದೀಯ ಗ್ರೂಪಲ್ಲಿ? ಡಿಲೀಟ್ ಮಾಡು ಮೊದ್ಲು. ಯುಗಾದಿಗೂ ಅವ್ರ ಬುಕಿಂಗ್ ಇದೆ.”

“ಮಾಡಲ್ಲ ಭಾವ.”

“ಬುಕಿಂಗ್ ಹೋಗುತ್ತೆ ಕಣೋ.”

“ಹೋಗ್ಲಿ ಬಿಡಿ,” ಅಂದು ಗಾಡಿ ಸ್ಟಾರ್ಟ್ ಮಾಡಿದೆ. ಶಿಕಾಗೋಗೆ ಇನ್ನೂ ನೂರ ನಲವತ್ತು ಮೈಲಿ ಇತ್ತು.