ಅರ್ಧ ನಿದ್ದೆಯ ಹಾಡುಗಾರ್ತಿ

ಕಾರು ಕಲಿಸುವವರಿಗೆ ಎರಡೇ ಆಸ್ತಿ: ಕಾಲ ಬಳಿ ಇರುವ ಇನ್ನೊಂದು ಬ್ರೇಕು ಮತ್ತು ಗಂಟಲು. ಮೇಡಂ ಎರಡನ್ನೂ ಧಾರಾಳವಾಗಿ ಬಳಸಿದ್ದರು. ವರ್ಷಗಟ್ಟಲೆ "ಕ್ಲಚ್ಚು", "ಕನ್ನಡಿ ನೋಡಿ", "ಅಲ್ಲಿ ಸೈಕಲ್ಲು" ಎಂದು ಕೂಗಿ ಕೂಗಿ, ಒಂದು ಬೆಳಗ್ಗೆ ಬಾಯಿ ತೆರೆದರೆ ಬರೀ ಗಾಳಿ ಬಂತು.

"ಗಂಟಲಲ್ಲಿ ಗಂಟಾಗಿದೆ," ಎಂದರು ಡಾಕ್ಟರು. "ಒಂದು ವರ್ಷ ಕೂಗೋ ಹಾಗಿಲ್ಲ. ಮೆಲ್ಲಗೆ ಮಾತಾಡಿ, ಅದೂ ಕೆಲಸ ಇದ್ರೆ."

ಮನೆಯಲ್ಲಿ ಯಾರೂ ಈ ಸುದ್ದಿಗೆ ಕಣ್ಣೀರು ಹಾಕಲಿಲ್ಲ. ಬೀಗದ ಕೈ ಮಾಡಿಕೊಡುವ ಅಂಗಡಿ ಇಟ್ಟಿದ್ದ ಗಂಡ, "ಹಾಗೇ ಮಾಡು," ಎಂದರು. ಅತ್ತೆ ಮಾತ್ರ, "ಒಂದೇ ವರ್ಷನಾ?" ಎಂದು ಕೇಳಿದರು.

ಆ ದಿನಗಳಲ್ಲಿ ಮೇಡಂ ಬಳಿ ಕಲಿಯುತ್ತಿದ್ದವರಲ್ಲಿ ಫ್ರಿಜ್ ರಿಪೇರಿ ಮಾಡುವವನೊಬ್ಬ ಇದ್ದ. ಲೈಸೆನ್ಸ್ ಪರೀಕ್ಷೆಯಲ್ಲಿ ಮೇಲಿಂದ ಮೇಲೆ ನಪಾಸಾಗಿ, ಕೊನೆಗೆ ಪರೀಕ್ಷೆ ಮಾಡುವವರೇ ಅವನ ಯೋಗಕ್ಷೇಮ ವಿಚಾರಿಸುವ ಹಂತಕ್ಕೆ ಬಂದಿದ್ದ. ಮೇಡಂ ಮೆಲ್ಲಗೆ ಮಾತಾಡತೊಡಗಿದ ಮೇಲೆ ತಿರುವಿನಲ್ಲಿ ಅವನ ಕಾರು ನಿಂತುಹೋಗುವುದು ತಪ್ಪಿತು.

"ಮೇಡಂ, ನಿಮ್ಮ ದನಿ ಪಕ್ಕದ್ಮನೆಯಿಂದ ಬಂದಂಗಿದೆ," ಎಂದ ಒಂದು ದಿನ. "ಹಾಡ್ತೀರಾ?"

"ಇಂಡಿಕೇಟರ್ ಹಾಕು."

ಅವನು ಇಂಡಿಕೇಟರ್ ಹಾಕಿ, ತಿರುವು ದಾಟಿ, ವಿಷಯಕ್ಕೆ ಮರಳಿದ. ಕೆಲಸ ಮುಗಿಸಿ ಸಂಜೆ ಗಿಟಾರ್ ನುಡಿಸುತ್ತಿದ್ದನಂತೆ. ಹಳೆಯ ಸ್ಟೆಬಿಲೈಸರ್ ಡಬ್ಬಿಯೊಳಗೆ ತಾನೇ ಒಂದು ಯಂತ್ರ ಕೂಡಿಸಿದ್ದ. ಅದಕ್ಕೆ ಒಂದು ಮಾತು ಹಾಕಿದರೆ ಏಳೆಂಟು ಮಾತಾಗಿ, ಒಂದರ ಮೇಲೊಂದು ಬಿದ್ದು ಹೊರಗೆ ಬರುತ್ತಿತ್ತು. "ಇದಕ್ಕೆ ಡ್ರೀಮ್ ಪಾಪ್ ಅಂತಾರೆ ಮೇಡಂ. ಕನಸಲ್ಲಿ ಕೇಳ್ದಂಗಿರ್ಬೇಕು. ಪದ ತಿಳೀಲೇಬೇಕು ಅಂತೇನಿಲ್ಲ."

ಡ್ರಮ್ಮಿಗೆ ಮೇಡಂ ಅವರ ಮೈದುನ ಬಂದ. ಅವನು ಹಾಸಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದುದರಿಂದ ಅದರ ಮಹಡಿಯೇ ಅಭ್ಯಾಸದ ಜಾಗವಾಯಿತು. ಸುತ್ತಲೂ ಸೂರು ಮುಟ್ಟುವಷ್ಟು ಹಾಸಿಗೆಗಳ ಒಟ್ಟಿಲು. ಡ್ರಮ್ಮು ಬಾರಿಸಿದರೆ ಕೆಳಗಿನ ಗಿರಾಕಿಗೆ ಯಾರೋ ದಿಂಬು ಕೊಡವಿದಷ್ಟೇ ಸದ್ದು. ತಂಡಕ್ಕೆ 'ಅರ್ಧ ನಿದ್ದೆ' ಎಂದು ಹೆಸರಿಟ್ಟರು. ಅತ್ತೆಯೂ ಜೊತೆಗೆ ಹೊರಟರು. "ಸೊಸೆ, ಮಗ ಇಬ್ರೂ ಹೋದ್ರೆ ನಾನೇನು ಗೋಡೆ ಜೊತೆ ಮಾತಾಡ್ಲಾ?" ಎಂದು ಒಂದು ಹಾಸಿಗೆಯ ಮೇಲೆ ಕಾಲು ಚಾಚಿ ಕೂತರು.

ಹಾಡು ಕಟ್ಟುತ್ತಿದ್ದವರು ಮೇಡಂ. ಪದ ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಹಾಡಿಗೆ ಹಾಕಿದರು. ಒಂದು ಸಂಜೆ ನಡುವೆ ಕರೆಂಟು ಹೋಯಿತು. ಗಿಟಾರು ನಿಂತಿತು, ಡಬ್ಬಿ ಸತ್ತಿತು. ಕಣ್ಣು ಮುಚ್ಚಿ ಹಾಡುತ್ತಿದ್ದ ಮೇಡಂ ಮಾತ್ರ ಇನ್ನೊಂದು ಸಾಲು ಮುಂದೆ ಹೋಗಿಬಿಟ್ಟರು:

"ಎಲ್ಲ ಡಬ್ಬಿಗೂ ಮುಚ್ಚಳವುಂಟು, ಅವಳ ಬಾಯಿಗಿಲ್ಲ."

ಮೈದುನ ತನ್ನ ಕೈಯಲ್ಲಿದ್ದ ಕೋಲನ್ನು ಹೊಸದೆಂಬಂತೆ ನೋಡತೊಡಗಿದ.

"ಇದು ನನ್ನ ಮೇಲೆ ಕಟ್ಟಿದ್ದಾ?" ಎಂದರು ಅತ್ತೆ.

"ಹೌದು ಅತ್ತೆ."

ಅತ್ತೆ ಚಾಚಿದ್ದ ಕಾಲು ಮಡಚಿಕೊಂಡರು. "ರಾಗ ಚೆನ್ನಾಗಿದೆ. ಕರೆಂಟ್ ಬಂದ್ಮೇಲೆ ಮೊದ್ಲಿಂದ ಹಾಡು."

ಮೊದಲ ಕಛೇರಿ ಒಂದು ಕಾಫಿ ಅಂಗಡಿಯಲ್ಲಿ ನಡೆಯಿತು. ಕೊನೆಯ ಹಾಡಿನ ತನಕ ತಾಳ್ಮೆಯಿಂದ ಕೂತಿದ್ದ ಒಬ್ಬರು ಎದ್ದು ಬಂದು, "ಮೈಕು ಯಾವಾಗ ಸರಿಹೋಗತ್ತೆ?" ಎಂದು ವಿನಯದಿಂದ ಕೇಳಿದರು. ರಿಪೇರಿಗೆಂದು ನೀರು ಖಾಲಿ ಮಾಡಿದ್ದ ಈಜುಕೊಳದ ತಳದಲ್ಲಿ, ದನಿ ಮೊಳಗಲೆಂದು, ನಿಂತು ತಮ್ಮ ಹಾಡುಗಳ ಆಲ್ಬಮ್ ಧ್ವನಿಮುದ್ರಿಸಿದರು. ರೇಡಿಯೋದಲ್ಲಿ ಹೊಸ ಸಂಗೀತದ ಬಗ್ಗೆ ಮಾತಾಡುವಾತ, "ಗೋಡೆಯಾಚೆ ಯಾರೋ ಹಿತವಾಗಿ ಜಗಳವಾಡಿದಂತಿದೆ," ಎಂದ. ಮೂವರೂ ಚರ್ಚಿಸಿ, ಅದು ಹೊಗಳಿಕೆಯೇ ಎಂದು ತೀರ್ಮಾನಿಸಿದರು.

ಆಮೇಲೆ ಅದೃಷ್ಟ ಖುಲಾಯಿಸಿತು. ಟೀವಿ ಧಾರಾವಾಹಿಯೊಂದರವರು ನಾಯಕಿ ಕಿಟಕಿಯ ಬಳಿ ಅಳುವ ದೃಶ್ಯಕ್ಕೆ ಇವರ ಹಾಡು ತೆಗೆದುಕೊಂಡರು. ಅವರು ಆರಿಸಿದ್ದು ಮುಚ್ಚಳದ ಹಾಡು. ನಾಯಕಿ ವಾರದಲ್ಲಿ ನಾಲ್ಕು ದಿನ ಅಳುತ್ತಿದ್ದಳು. ಕೇಳಿದವರಿಗೆಲ್ಲ ಅದು ವಿರಹದ ಹಾಡು. ಅತ್ತೆ ಟೀವಿ ಮುಂದೆ ಕೂತು, ಪಕ್ಕದ ಮನೆಯಾಕೆಗೆ, "ಇದು ನನ್ನ ಹಾಡು," ಎಂದು ಹೇಳಿಕೊಳ್ಳುತ್ತಿದ್ದರು. ಪಕ್ಕದ ಮನೆಯಾಕೆ ಅದನ್ನು ಅಭಿಮಾನದ ಮಾತೆಂದುಕೊಂಡಳು.

ದೊಡ್ಡ ಮೈದಾನದ ಸಂಗೀತ ಮೇಳಕ್ಕೆ ಕರೆ ಬರುವ ಹೊತ್ತಿಗೆ ಮೇಡಂ ಗಂಟಲು ವಾಸಿಯಾಗಿತ್ತು. ಡಾಕ್ಟರು ಸಂತೋಷದಿಂದ ಹೇಳಿದ್ದನ್ನು ತಂಡಕ್ಕೆ ತಿಳಿಸಿದಾಗ ಫ್ರಿಜ್ಜಿನವನ ಮುಖ ಬಾಡಿತು. "ಪರ್ವಾಗಿಲ್ಲ ಮೇಡಂ," ಎಂದ, ಸಾವಿನ ಮನೆಯಲ್ಲಿ ಮಾತಾಡುವವನಂತೆ. ಆದರೆ ಮೇಡಂಗೆ ಕೂಗುವ ಆಸೆಯೇ ಉಳಿದಿರಲಿಲ್ಲ. ಕೂಗುತ್ತಿದ್ದಾಗ ಜನ ಹೆದರಿ ಬ್ರೇಕು ಒತ್ತುತ್ತಿದ್ದರು. ಮೆಲ್ಲಗೆ ಹಾಡಿದಾಗ ಕತ್ತು ಮುಂದೆ ಚಾಚಿ ಕೇಳುತ್ತಿದ್ದರು. ಯಾರೋ ತಮ್ಮನ್ನು ಹಾಗೆ ಕೇಳಿಸಿಕೊಳ್ಳುವುದು ಅವರಿಗೆ ಹೊಸದು.

ಮೇಳದಲ್ಲಿ ಮೂರನೇ ಹಾಡಿನ ನಡುವೆ ಗಾಳಿ ಎದ್ದಿತು. ಮೇಡಂ ಹೀಗೇ ತಿರುಗಿದರೆ, ಮೈದುನನ ಹಿಂದಿದ್ದ ದೀಪದ ಕಂಬ ವಾಲುತ್ತಿದೆ. ಅವನು ತಲೆ ತಗ್ಗಿಸಿ ಬಾರಿಸುತ್ತಲೇ ಇದ್ದ.

"ಎಡಕ್ಕೆ ಹಾರೋ!"

ಮೈಕಿನಲ್ಲಿ, ಡಬ್ಬಿಯ ಮೂಲಕ, ಮೈದಾನದ ತುಂಬ ಅದು ಏಳೆಂಟು ಸಲ ಮೊಳಗಿತು. ಮೇಡಂ ಬಳಿಯೇ ಕಾರು ಕಲಿತಿದ್ದ ಮೈದುನ ಯೋಚಿಸದೆ ಎಡಕ್ಕೆ ಹಾರಿದ. ಮುಂದಿನ ಸಾಲುಗಳಲ್ಲಿದ್ದ ಒಂದಷ್ಟು ಜನವೂ ಹಾರಿದರು. ಕಂಬ ಬಿದ್ದು ಡ್ರಮ್ಮು ಜಜ್ಜಿಹೋಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಹಾಡಿನ ಭಾಗವೆಂದು ಅವರ ತಿಳುವಳಿಕೆ.

ಅತ್ತೆ ವಾಪಸು ಬರುವಾಗ ಮುಂದಿನ ಸೀಟಿನಲ್ಲಿ ಕೂತು ಸೊಸೆಯ ಎಡಗೈ ಹಿಡಿದುಕೊಂಡವರು ಮನೆ ಬರುವವರೆಗೂ ಬಿಡಲಿಲ್ಲ. ಗೇರು ಬದಲಿಸಲು ತೊಂದರೆಯಾಯಿತು. ಮೇಡಂ ದಾರಿಯುದ್ದಕ್ಕೂ ಎರಡನೇ ಗೇರಿನಲ್ಲೇ ಬಂದರು.

ಅಲ್ಲಿಂದ ಮುಂದೆ ಎಲ್ಲಿ ಹೋದರೂ ಜನಕ್ಕೆ ಆ ಕೂಗೇ ಬೇಕಾಯಿತು. "ಎಡಕ್ಕೆ ಹಾರೋ" ಎಂದು ಬರೆದ ಅಂಗಿ ತೊಟ್ಟು ಬರುತ್ತಿದ್ದರು. ಕೆಲವು ಕಡೆ ಮೇಡಂ ಕೂಗಿಯೂ ಕೂಗಿದರು. ಬೀಳುವ ಕಂಬವಿಲ್ಲದೆ ಕೂಗುವಾಗ ಪ್ರತಿಸಲವೂ ತಿರುಗಿ ಮೈದುನನ ಬೆನ್ನ ಹಿಂದೆ ನೋಡುತ್ತಿದ್ದರು. ಒಂದು ದಿನ ವೇದಿಕೆ ಹತ್ತುವ ಮುನ್ನ, "ಇವತ್ತಿಂದ ಇಲ್ಲ," ಎಂದರು.

"ಜನ ಎದ್ದು ಹೋಗ್ತಾರೆ ಅತ್ತಿಗೆ," ಎಂದ ಮೈದುನ.

"ಹೋಗ್ಲಿ. ಬಾಗಿಲು ಅಗಲವಾಗಿದೆ."

ಜನ ಹೋದರು. ಉಳಿದವರು ಖಾಲಿ ಕುರ್ಚಿಗಳನ್ನು ದಾಟಿಕೊಂಡು ಮುಂದೆ ಬಂದು ಕೂತರು. ಮೇಡಂ ಪ್ರಕಾರ ಅದೇ ಅವರ ಅತ್ಯುತ್ತಮ ಕಛೇರಿ. ಸಂಘಟಕರ ಅಭಿಪ್ರಾಯ ಬೇರೆಯಿತ್ತು, ಮತ್ತೆ ಕರೆಯಲಿಲ್ಲ. ಧಾರಾವಾಹಿಯ ನಾಯಕಿಗೂ ಅಷ್ಟರಲ್ಲಿ ಮದುವೆಯಾಗಿ ಅಳು ನಿಂತಿತ್ತು. ಮೈದುನನಿಗೆ ಅವಳಿ ಮಕ್ಕಳು ಹುಟ್ಟಿದವು. ಅರ್ಧ ನಿದ್ದೆ ಎಂಬುದು ಅವನ ಮನೆಯ ಸ್ಥಿತಿಯಾಯಿತು. ಫ್ರಿಜ್ಜಿನವನಿಗೆ ಬೇರೆ ಊರಿನ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. ತಂಡ ಮುಚ್ಚಿತೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮೇಡಂ ಕಾರು ಕಲಿಸುತ್ತ ಉಳಿದರು.

ಹೋದ ವರ್ಷ ಫ್ರಿಜ್ಜಿನವನು ಫೋನ್ ಮಾಡಿದ. "ಮೇಡಂ, ಇಲ್ಲೊಂದು ಕೋಣೆ ಸದ್ಯಕ್ಕೆ ಖಾಲಿ ಇದೆ. ಕೆಮ್ಮಿದ್ರೆ ಕೆಮ್ಮು ಸುತ್ತು ಹಾಕಿ ಬರತ್ತೆ."

ಮೂವರೂ ಸ್ವೆಟರು ಹಾಕಿಕೊಂಡು ಆ ಕೋಣೆಯೊಳಗೆ ನಿಂತು ಒಂದು ಹೊಸ ಹಾಡು ಧ್ವನಿಮುದ್ರಿಸಿದರು. ಕಂಬಳಿ ಹೊದ್ದ ಅತ್ತೆ ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕಾವಲು ಕೂತರು. ಚಳಿಗೆ ಮೇಡಂ ಹಲ್ಲು ಕಟಕಟ ಎಂದದ್ದೂ ಹಾಡಿನೊಳಗೆ ಸೇರಿಕೊಂಡಿತು. ತಾಳಕ್ಕೆ ಸರಿಯಾಗಿಯೇ ಇದೆ ಎಂದು ಮೈದುನ ಹೇಳಿದ್ದರಿಂದ ಹಾಗೇ ಬಿಟ್ಟರು. ಅದನ್ನು ಇನ್ನೂ ಯಾರಿಗೂ ಕೇಳಿಸಿಲ್ಲ. ಮರುವಾರ ಆ ಕೋಣೆಗೆ ಆಲೂಗಡ್ಡೆ ತುಂಬಿದರು.