ಹಾಲು ಒಡೆಯದ ಮನೆಗೆ ಬಂದ ಡಬ್ಬಿ

ಕಾಸಾರಶಿರಸಿಯ ಜಗದೇವಪ್ಪನ ಮನೆಯಲ್ಲಿ ಹಾಲು ಒಡೆಸುವುದಿಲ್ಲ. ಲಿಂಬೆ ಹಿಂಡಿ ಪನೀರು ಮಾಡೋಣವೆಂದು ಯಾರಾದರೂ ಬಾಯಿ ತೆಗೆದರೆ ಅವನ ಹೆಂಡತಿ ಕಾಂತಾಬಾಯಿ ಒಲೆ ಬಿಟ್ಟು ಎದ್ದುಹೋಗುತ್ತಾಳೆ. ಹಾಲು ತಾನಾಗಿ ಒಡೆದರಂತೂ ಮುಗಿಯಿತು. ಮರುದಿನ ಹೊತ್ತು ಮುಳುಗುವ ತನಕ ಮನೆಯವರು ಯಾರೂ ಊರು ಬಿಡುವಂತಿಲ್ಲ.

ಇದು ಲಾತೂರಿನ ಕಡೆ ಊರೂರೇ ಕೆಡವಿದ ಭೂಕಂಪದಿಂದ ಬಂದ ಕಟ್ಟಳೆ. ಗಣಪತಿ ಕಳಿಸಿದ ದಿನ ಕಾಂತಾಬಾಯಿಯ ತವರಿನಲ್ಲಿ ಕಾಯಲಿಟ್ಟ ಹಾಲು ಒಡೆದಿತ್ತು, ಬೆಳಗಾಗುವುದರೊಳಗೆ ತವರೇ ಇರಲಿಲ್ಲ. ಅಷ್ಟನ್ನು ಅವಳು ಎಲ್ಲರಿಗೂ ಹೇಳಿದ್ದಳು. ಅದಕ್ಕಿಂತ ಹೆಚ್ಚು ಯಾರೂ ಕೇಳಿರಲಿಲ್ಲ.

ಈ ಮನೆಗೆ ಜಳಕೋಟದ ಶುಭಾಂಗಿ ಸೊಸೆಯಾಗಿ ಬಂದಳು. ಶಾಲೆಯಲ್ಲಿ ಕಬಡ್ಡಿ ಆಡಿದವಳು, ಕಾಲು ಒಂದು ಕಡೆ ನಿಲ್ಲುವ ಜಾತಿಯಲ್ಲ. ಮುಂದೆ ಕಾಳಿನ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ಮಾವ ಕೂತಿರುತ್ತಾನೆ, ಹಿತ್ತಲ ಬಾಗಿಲಲ್ಲಿ ಅತ್ತೆ. ನಡುವಿನ ಉದ್ದ ಕೋಣೆಗೆ ಮೇಲಿನ ಗವಾಕ್ಷಿಯೊಂದೇ ಬೆಳಕು. ಬಂದ ಹೊಸತರಲ್ಲಿ ಅದರ ಕೆಳಗೆ ನಿಂತು, ಆಕಾಶ ಇಷ್ಟೇ ಏನು ಎಂದು ನೋಡುತ್ತಿದ್ದಳು.

ಅವಳ ಗಂಡ ಶೈಲೇಶ ಒಳ್ಳೆಯವನು. ಪೊಲೀಸ್ ಭರತಿಯ ಓಟದ ಪರೀಕ್ಷೆಗೆ ಓಡುತ್ತೇನೆ, ನೌಕರಿ ಸಿಕ್ಕರೆ ಸಿಗಲಿ ಎಂದು ಅವಳು ಅಂದಾಗ ಬೇಡ ಎನ್ನಲಿಲ್ಲ. ಬೇಕು ಎನ್ನುವ ಧೈರ್ಯವೂ ಅವನಿಗಿರಲಿಲ್ಲ. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟಳು.

"ರೋಡಿನ ಮ್ಯಾಲ ಓಡಿದ್ರ ಮಂದಿ ಏನಂತಾರ? ಓಡೂದೇ ಇದ್ರ ಮಾಳಿಗಿ ಅದ ಅಲ್ಲ, ಅಲ್ಲೇ ಓಡು."

ಮಾಳಿಗೆಯ ಅರ್ಧಕ್ಕೆ ತೊಗರಿ ಒಣಗಲು ಹರವಿರುತ್ತಿದ್ದರು. ಉಳಿದರ್ಧದಲ್ಲಿ ಶುಭಾಂಗಿ ಓಡುತ್ತಿದ್ದಳು. ನಾಲ್ಕು ಹೆಜ್ಜೆಗೆ ಗೋಡೆ, ತಿರುಗು. ಮತ್ತೆ ಗೋಡೆ, ಮತ್ತೆ ತಿರುಗು. ಕೆಳಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಜಗದೇವಪ್ಪ ಗಿರಾಕಿಗಳ ಎದುರು ನಗುತ್ತಿದ್ದ.

"ಹೆದರಬ್ಯಾಡ್ರಿ, ಭೂಕಂಪ ಅಲ್ಲ. ನಮ್ಮ ಸೊಸಿ ಗಾಣದೆತ್ತು ಆಗ್ಯಾಳ. ಎಣ್ಣಿ ಬಂದ್ರ ನಿಮಗೂ ಕೊಡ್ತೀವಿ."

ಓಡಿ ಓಡಿ ಅವಳ ಮೈ ಕರಗಿತು. ಮೊಟ್ಟೆ ಆ ಮನೆಯ ಹೊಸ್ತಿಲು ದಾಟುವುದಿಲ್ಲ. ಸೋಮವಾರ ಒಪ್ಪತ್ತು ಬೇರೆ, ಹೊತ್ತು ಮುಳುಗಿದ ಮೇಲೇ ಊಟ. ಸೀರೆ ತರುವ ನೆಪದಲ್ಲಿ ಶೈಲೇಶ ಅವಳನ್ನು ಉಮರ್ಗಾಕ್ಕೆ ಕರೆದುಕೊಂಡು ಹೋದ. ಅಲ್ಲಿ ಕುಸ್ತಿಯ ತಾಲೀಮುಮನೆಯ ಮಗ್ಗುಲಲ್ಲಿ ದಿಗಂಬರ ಎಂಬವನ ಅಂಗಡಿ. ಕುಸ್ತಿ ಬಿಟ್ಟ ಮೇಲೆ ಹುಡುಗರಿಗೆ ಮೈ ಗಟ್ಟಿ ಮಾಡುವ ಪುಡಿಯ ಡಬ್ಬಿ ಮಾರುತ್ತಿದ್ದ.

"ಇವು ಎರಡೂ ಹಾಲಿಂದೇ ರಿ, ಅಕ್ಕಾರ," ಎಂದು ಎರಡು ಡಬ್ಬಿ ಇಟ್ಟ. "ಹಾಲು ಒಡದ್ರ ಮ್ಯಾಲ ನೀರು ನಿಲ್ತದ ನೋಡ್ರಿ, ಇದು ಆ ನೀರಿನ ಪುಡಿ. ವ್ಹೇ ಅಂತಾರ. ಓಡಿ ಬಂದ ಕೂಡಲೇ ಕುಡೀರಿ, ಲಗೂ ಮೈಗೆ ಹತ್ತತದ. ಇದು ಕೆಳಗ ಕೂಡೋ ಗಟ್ಟಿದು, ಕೇಸಿನ್. ಹೊಟ್ಟ್ಯಾಗ ಸಾವಕಾಶ ಕರಗತದ."

"ಎರಡೂ ಒಡದ ಹಾಲಿಂದೇ?" ಶುಭಾಂಗಿಯ ದನಿ ಸಣ್ಣದಾಯಿತು.

"ಒಡೀದೆ ಹ್ಯಾಂಗ ಬರ್ತದ ರಿ? ಮತ್ತ, ತಣ್ಣೀರಾಗೇ ಕಲಸ್ರಿ. ಕುದಿಯೋ ಹಾಲಿಗೆ ಹಾಕಿದ್ರ ಗಂಟಾಗಿ ಬಿಡ್ತದ."

ಎರಡನ್ನೂ ತಂದಳು. ಎಲ್ಲಿಂದ ಬಂತೆಂದು ಮನೆಯಲ್ಲಿ ಹೇಳಲಿಲ್ಲ. "ಹಾಲಿನ ಪುಡಿ ರಿ ಅತ್ತಿ, ಉಪವಾಸಕ್ಕೂ ನಡೀತದ," ಎಂದಷ್ಟೇ ಅಂದಳು. ನೀರಿನ ಪುಡಿ ಮಜ್ಜಿಗೆಯಂತೆ ಇಳಿಯುತ್ತಿತ್ತು. ಕಾಲಿನ ನೋವು ಮರುದಿನಕ್ಕೆ ಹಗುರಾಗುತ್ತಿತ್ತು, ಆದರೆ ಗಳಿಗೆಯೊಳಗೆ ಮತ್ತೆ ಹಸಿವು. ಗಟ್ಟಿ ಪುಡಿ ಅಂಬಲಿಯ ಹಾಗೆ, ಚಮಚ ನೆಟ್ಟರೆ ನಿಲ್ಲುತ್ತದೆ. ಮೊದಲು ಕುಡಿದಾಗ ಹೊಟ್ಟೆ ಉಬ್ಬಿ ಡಂ ಡಂ ಎಂದಿತು. ರೂಢಿಯಾದ ಮೇಲೆ ಸೋಮವಾರಕ್ಕೆ ಅದೇ ಆಸರೆಯಾಯಿತು. ಬೆಳಗಿನಲ್ಲಿ ಕುಡಿದರೆ ಸಂಜೆಯ ಊಟದ ತನಕ ಕಣ್ಣಿಗೆ ಕತ್ತಲೆ ಬರುತ್ತಿರಲಿಲ್ಲ. ಓಡಿದ ದಿನಕ್ಕೆ ಒಂದು, ಉಪವಾಸದ ದಿನಕ್ಕೆ ಒಂದು ಎಂದು ಅವಳೇ ಹೊಂದಿಸಿಕೊಂಡಳು.

ಭರತಿಯ ಓಟಕ್ಕೆಂದು ಲಾತೂರಿನ ಮೈದಾನಕ್ಕೆ ಕರೆ ಬಂದದ್ದು ಒಂದು ಮಂಗಳವಾರಕ್ಕೆ. ಹಿಂದಿನ ದಿನ ಸೋಮವಾರ. ಒಪ್ಪತ್ತು ಇದ್ದು, ಬಟ್ಟೆ ಒಗೆದು, ಹಿಟ್ಟು ನಾದಿ ಬಳಲಿದ ಸೊಸೆಯನ್ನು ಕಂಡು ಕಾಂತಾಬಾಯಿಗೆ ಮರುಕ ಬಂತು. ಮುಖದ ಮೇಲೆ ತೋರಿಸುವ ಹೆಂಗಸಲ್ಲ ಅವಳು. ಸುಮ್ಮನೆ ಎದ್ದು ಒಲೆಯ ಮೇಲೆ ಹಾಲಿಟ್ಟಳು. ಉಕ್ಕು ಬರುವಾಗ, ಮಕ್ಕಳಿಗೆ ಹಾಕುವ ಪುಡಿಯ ಹಾಗೆಯೇ ಇದೂ ಎಂದುಕೊಂಡು, ನೀರಿನ ಪುಡಿಯನ್ನು ಧಾರಾಳವಾಗಿ ಹಾಕಿ ಸೌಟು ತಿರುವಿದಳು.

ಪಾತೆಲೆಯಲ್ಲಿ ಬಿಳಿ ಗಂಟುಗಳು ಎದ್ದವು. ಒಡೆದ ಹಾಲಿನ ಹಾಗೆಯೇ ಕಂಡಿತು.

ಸೌಟು ಅಲ್ಲೇ ಬಿತ್ತು. ಶುಭಾಂಗಿ ಓಡಿಬಂದು ನೋಡಿದಳು. ಅತ್ತೆ ಗೋಡೆಗೆ ಒರಗಿ ಕೂತಿದ್ದಳು, ಎರಡೂ ಕೈ ನೆಲವನ್ನು ಒತ್ತಿ ಹಿಡಿದಿದ್ದವು.

"ಅತ್ತಿ, ಹಾಲು ಒಡದಿಲ್ಲ ರಿ. ಪುಡಿ ಗಂಟಾಗ್ಯಾದ, ಅಷ್ಟೇ. ಅದು ಮೊದಲೇ ಒಡದ ಹಾಲಿಂದು."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಅಂದ್ರ ಇಷ್ಟು ದಿನ ಒಡದ ಹಾಲು ನನ್ನ ಮನ್ಯಾಗಿತ್ತು," ಎಂದಳು ಕಾಂತಾಬಾಯಿ. "ನಾಳಿ ಹೋಗೂದು ಬ್ಯಾಡ. ಯಾರೂ ಹೊಸ್ತಿಲು ದಾಟೂದು ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ಶೈಲೇಶ ತಲೆ ತಗ್ಗಿಸಿದ. ಶುಭಾಂಗಿ ನಡುಕೋಣೆಗೆ ಹೋಗಿ ಗವಾಕ್ಷಿಯ ಕೆಳಗೆ ಕೂತಳು. ಅಳು ಬರಲಿಲ್ಲ. ಇಷ್ಟು ದಿನ ಓಡಿದರೂ ಈ ಕೋಣೆಯ ಮೇಲೆಯೇ ಓಡಿದೆನಲ್ಲ ಎನಿಸಿತು.

ಬೆಳಗಾಯಿತು. ಅಂಗಡಿಯ ಹಲಗೆ ತೆಗೆಯುತ್ತಿದ್ದ ಜಗದೇವಪ್ಪ ಎಂದಿನ ಹಾಗೆ ನಗೆಯಾಡಲಿಲ್ಲ. ಒಳಗೆ ಬಂದು ಹೆಂಡತಿಯ ಮುಂದೆ ಕೂತ.

"ಅರ್ಧಾ ಹೇಳಿ ಅರ್ಧಾ ನುಂಗಬ್ಯಾಡ. ಅವತ್ತ ತವರಿಂದ ನಿನ್ನ ಕರಕೊಂಡು ಬರಾಕ ನಾನೇ ಬಂದಿದ್ದೆ. ನಿಮ್ಮವ್ವ ಏನಂದ್ಲು, ಸೊಸಿಗೆ ಹೇಳು."

ಕಾಂತಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹಾಲು ಒಡದಾವ, ಇವತ್ತ ಹೋಗಬ್ಯಾಡ ಅಂದ್ಲು. ಇವರು ಕೇಳಲಿಲ್ಲ. ನಾ ಅಳಕೋತ ಬಸ್ ಹತ್ತಿದೆ."

"ಹತ್ತಲಿಲ್ಲಂದ್ರ?" ಎಂದ ಜಗದೇವಪ್ಪ.

"ಅವ್ವನ ಸಂಗಾಟ ಇರ್ತಿದ್ದೆ."

ಅದನ್ನು ಆಸೆಯಿಂದ ಅಂದಳೋ ಭಯದಿಂದ ಅಂದಳೋ ಶುಭಾಂಗಿಗೆ ತಿಳಿಯಲಿಲ್ಲ. ಹೊರಗೆ ನಿಲಂಗಾದ ಮೇಲೆ ಲಾತೂರಿಗೆ ಹೋಗುವ ಬಸ್ಸು ಹಾರ್ನ್ ಹೊಡೆಯಿತು.

"ಹೋಗು," ಎಂದಳು ಅತ್ತೆ ಮುಖ ತಿರುಗಿಸಿಕೊಂಡು. "ಆದ್ರ ಸಂಜಿಗೆ ಬಂದು ಹಾಲು ನೀನೇ ಕಾಸಬೇಕು. ಅಲ್ಲೀತನಕ ನಾ ಒಲಿ ಹಚ್ಚೂದಿಲ್ಲ."

ಲಾತೂರಿನಲ್ಲಿ ನಿಂತಾಗ, ಮೈದಾನವೆಂದರೆ ಇಷ್ಟು ಉದ್ದವಿರುತ್ತದೆ ಎಂಬುದನ್ನೇ ಶುಭಾಂಗಿ ಮರೆತುಹೋಗಿದ್ದಳು. ಸೀಟಿ ಊದಿದ ಕೂಡಲೇ ಉಳಿದ ಹುಡುಗಿಯರು ಬಾಣದ ಹಾಗೆ ಹೋದರು. ಇವಳ ಕಾಲುಗಳು ನಾಲ್ಕು ಹೆಜ್ಜೆಗೆ ತಡೆದು ನಿಂತವು. ಗೋಡೆ ಇರಲಿಲ್ಲ. ಕಾಲಿಗೆ ಅದು ಗೊತ್ತಿರಲಿಲ್ಲ. ಮತ್ತೆ ನಾಲ್ಕು, ಮತ್ತೆ ತಡೆ. ಮೈಯಲ್ಲಿ ಬಲವಿತ್ತು, ಉಸಿರೂ ಇತ್ತು, ಪುಡಿ ತನ್ನ ಕೆಲಸ ಮಾಡಿತ್ತು. ಕಾಲಿಗೆ ನೇರ ದಾರಿ ರೂಢಿಯಾಗುವಷ್ಟರಲ್ಲಿ ಮುಂದಿನವರು ಗೆರೆ ಮುಟ್ಟಿದ್ದರು.

ಸಂಜೆ ಬಂದು ಕಾಲು ತೊಳೆದು ಒಲೆ ಹಚ್ಚಿದಳು. ಕಾಂತಾಬಾಯಿ ಮಗ್ಗುಲಲ್ಲಿ ಪಾತೆಲೆಯನ್ನೇ ನೋಡುತ್ತ ನಿಂತಳು. ಹಾಲು ಉಕ್ಕಿ ಮೇಲೆ ಬಂತು, ಕೆನೆ ಕಟ್ಟಿತು.

"ಏನಾತು?" ಎಂದಳು ಅತ್ತೆ ಆಮೇಲೆ.

"ಆಗಲಿಲ್ಲ ರಿ. ಕಾಲು ಗೋಡಿ ಹುಡುಕ್ತಾವ."

ಕಾಂತಾಬಾಯಿ ಪಾತೆಲೆ ಇಳಿಸಿದಳು. ಗೋಡೆಯ ಮಾಡದಿಂದ ನೀರಿನ ಪುಡಿಯ ಡಬ್ಬಿ ತೆಗೆದು, ತಂಬಿಗೆಯ ತಣ್ಣೀರಿಗೆ ಪುಡಿ ಹಾಕಿ, ಅದರ ಕಡೆ ನೋಡದೆಯೇ ಕಡೆದು ಸೊಸೆಯ ಮುಂದಿಟ್ಟಳು.

"ನಾಳಿಯಿಂದ ಹೊಲದ ದಾರಿಗೆ ಓಡು," ಎಂದಳು. "ಸೆರಗು ತಲಿ ಮ್ಯಾಲೇ ಇರಲಿ. ಮತ್ತ ಹಳ್ಳ ದಾಟಬ್ಯಾಡ. ಅಲ್ಲೀತನಕ ನನಗ ಕಾಣಸ್ತದ."